ಪೆ-2 ಬಾಂಬರ್‌ನ 1:48 ಮಾದರಿ: ಜೋಡಣೆ, ಬಣ್ಣ ಮತ್ತು ವೆದರಿಂಗ್‌ನಲ್ಲಿ ದೋಷ ಪತ್ತೆ ಹಾಗೂ ನಿವಾರಣೆ

ಎರಡನೇ ಮಹಾಯುದ್ಧದ ಸೋವಿಯತ್ ಡೈವ್ ಬಾಂಬರ್ (ಕೆಳಕ್ಕೆ ಧುಮುಕುತ್ತ ಬಾಂಬ್ ಹಾಕುವ ವಿಮಾನ) ಪೆಟ್ಲ್ಯಾಕೊವ್ ಪೆ-2ರ ಪ್ಲಾಸ್ಟಿಕ್ ಕಿಟ್ ಅನ್ನು ಕಟ್ಟಿ, ಬಣ್ಣ ಹಾಕಿ, ಅದರ ಮೇಲೆ ಬಳಕೆಯ ಸವೆತವನ್ನೂ ಕೊಳೆಯನ್ನೂ ಮೂಡಿಸುವಾಗ (ಇದನ್ನೇ ವೆದರಿಂಗ್ ಎನ್ನುವುದು) ಎದುರಾಗುವ ದೋಷಗಳನ್ನು ಈ ಕೈಪಿಡಿ ಪರಿಶೀಲಿಸುತ್ತದೆ. ಹೇಗೆ ಕಟ್ಟಬೇಕೆಂಬುದನ್ನು ಪೆಟ್ಟಿಗೆಯೊಳಗಿನ ಹಾಳೆಯೇ ತಿಳಿಸುತ್ತದೆ. ಕಟ್ಟಿದ್ದು ಏಕೆ ಕೆಟ್ಟಿತೆಂಬುದು ಅದರಲ್ಲಿ ಇರುವುದಿಲ್ಲ.

ವಿಮಾನದ ಬಗ್ಗೆ ದೋಷ ಪತ್ತೆಗೆ ಬೇಕಾದಷ್ಟನ್ನು ಮೊದಲು ಹೇಳಬೇಕು. ವ್ಲಾದಿಮಿರ್ ಪೆಟ್ಲ್ಯಾಕೊವ್ ಮತ್ತು ಅವರ ತಂಡ ಬಂಧನದಲ್ಲಿದ್ದಾಗಲೇ ರೂಪಿಸಿದ, ಬಹು ಎತ್ತರದಲ್ಲಿ ಹಾರಬೇಕಾಗಿದ್ದ ಎರಡು ಎಂಜಿನ್‌ಗಳ ಫೈಟರ್ 1939ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ಹಾರಿತು. ಅದನ್ನು ಮರುವರ್ಷ ಡೈವ್ ಬಾಂಬರ್ ಆಗಿ ಮಾರ್ಪಡಿಸಿದಾಗ ಪೆ-2 ಹುಟ್ಟಿತು. ಯುದ್ಧ ಮುಗಿಯುವ ಹೊತ್ತಿಗೆ ಹನ್ನೊಂದು ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾಗಿದ್ದವು. ಇದರ ಮೈ ಪೂರ್ತಿ ಲೋಹದ್ದು, ಆದರೆ ವಿಮಾನದ ದಿಕ್ಕು ಬದಲಿಸುವ ಚಲಿಸುವ ಭಾಗಗಳಾದ ರಡ್ಡರ್, ಎಲಿವೇಟರ್ (ಬಾಲದಲ್ಲಿ) ಮತ್ತು ಏಲೆರಾನ್‌ಗಳಿಗೆ (ರೆಕ್ಕೆಯಲ್ಲಿ) ಬಟ್ಟೆ ಹೊದಿಸಲಾಗಿತ್ತು. ರೆಕ್ಕೆಯ ಹರವು ಸುಮಾರು 17 ಮೀಟರ್. 1:48ರಲ್ಲಿ ಅದು 36 ಸೆಂ.ಮೀ.ಗೆ ತುಸು ಕಡಿಮೆ. ಮಾದರಿಯ ಮೇಲಿನ 1 ಮಿ.ಮೀ. ನಿಜವಾದ ವಿಮಾನದ ಮೇಲೆ 4.8 ಸೆಂ.ಮೀ. ಆಗುತ್ತದೆ ಎಂಬ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ವೆದರಿಂಗ್‌ನ ಅರ್ಧದಷ್ಟು ದೋಷಗಳನ್ನು ಈ ಒಂದು ಗುಣಾಕಾರವೇ ಹಿಡಿದುಕೊಡುತ್ತದೆ.

ಪತ್ತೆಯ ಕ್ರಮ

ಮುಗಿದ ಮಾದರಿಯ ಮೇಲ್ಮೈಯಲ್ಲಿ ಪ್ಲಾಸ್ಟಿಕ್, ಪ್ರೈಮರ್ (ಬಣ್ಣಕ್ಕೆ ಹಿಡಿತ ಕೊಡುವ ತಳಲೇಪ), ಮೂಲ ಬಣ್ಣ, ಹೊಳಪಿನ ವಾರ್ನಿಷ್, ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ), ಮತ್ತೊಮ್ಮೆ ವಾರ್ನಿಷ್, ವಾಶ್ (ಗೆರೆ-ತಗ್ಗುಗಳಲ್ಲಿ ನಿಲ್ಲುವ ತೆಳುವಾದ ಗಾಢ ಬಣ್ಣ), ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್, ಕೊನೆಯಲ್ಲಿ ಧೂಳು-ಕೆಸರಿನ ಪಿಗ್ಮೆಂಟ್ ಪುಡಿ ಎಂಬ ಪದರಗಳು ಒಂದರ ಮೇಲೊಂದು ಕೂತಿರುತ್ತವೆ. ದೋಷವು ಕಣ್ಣಿಗೆ ಬೀಳುವ ಪದರ ಒಂದಾದರೆ ಅದು ಹುಟ್ಟಿದ ಪದರ ಬಹುಮಟ್ಟಿಗೆ ಅದರ ಕೆಳಗಿನದು. ವಾಶ್ ಕಲೆ ಕಟ್ಟಿತೆಂದು ವಾಶ್ ಬಾಟಲಿಯನ್ನು ಬದಲಾಯಿಸುವವರು, ಅದರ ಕೆಳಗಿರುವ ಬಣ್ಣ ಒರಟಾಗಿ ಕೂತಿರುವುದನ್ನು ನೋಡುವುದೇ ಇಲ್ಲ. ಆದ್ದರಿಂದ ಮೇಲಿನಿಂದ ಕೆಳಕ್ಕೆ, ಒಂದೊಂದೇ ಪದರವನ್ನು ಶಂಕಿಸುತ್ತ ಹೋಗಬೇಕು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಾಯಿಸಬೇಕು. ಥಿನ್ನರ್, ಗಾಳಿಯ ಒತ್ತಡ, ದೂರ ಈ ಮೂರನ್ನೂ ಒಟ್ಟಿಗೆ ಬದಲಾಯಿಸಿ ಫಲಿತಾಂಶ ಸುಧಾರಿಸಿದರೂ ಕಾರಣ ತಿಳಿಯದೆ ಉಳಿಯುತ್ತದೆ.

ಪತ್ತೆಗೆ ದುಬಾರಿ ಸಾಧನಗಳು ಬೇಕಿಲ್ಲ. ಕೋಣೆಯ ದೀಪ ಆರಿಸಿ ಮೊಬೈಲ್‌ನ ಟಾರ್ಚನ್ನು ಮೇಲ್ಮೈಗೆ ಸಮಾನಾಂತರವಾಗಿ ಹಿಡಿದರೆ ತಗ್ಗು, ಉಬ್ಬು ಮತ್ತು ಒರಟುತನ ನೆರಳಾಗಿ ಕಾಣುತ್ತವೆ. ಯಾವ ಪದರ ಕರಗುತ್ತಿದೆ ಎಂದು ತಿಳಿಯಲು ಹತ್ತಿಕಡ್ಡಿಯನ್ನು ಮೊದಲು ನೀರಿನಲ್ಲಿ, ಫಲ ಸಿಗದಿದ್ದರೆ ಟರ್ಪೆಂಟೈನ್‌ನಲ್ಲಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಕಾಣದ ಜಾಗದಲ್ಲಿ ಹಗುರವಾಗಿ ಉಜ್ಜಬೇಕು. ನೀರಿಗೆ ಹೇರ್‌ಸ್ಪ್ರೇ ಪದರ ಸಡಿಲವಾಗುತ್ತದೆ, ಟರ್ಪೆಂಟೈನ್‌ಗೆ ಎನಾಮೆಲ್ ಮತ್ತು ತೈಲವರ್ಣ ಬರುತ್ತವೆ, ಆಲ್ಕೋಹಾಲ್‌ಗೆ ಅಕ್ರಿಲಿಕ್ ಬಿಡುತ್ತದೆ. ಮೂರನೆಯ ಸಾಧನವು ಸಾಕ್ಷಿ ತುಂಡು. ಬಿಸಾಡುವ ಪ್ಲಾಸ್ಟಿಕ್ ಚಮಚ ಅಥವಾ ಹಳೆಯ ಕಿಟ್‌ನ ರೆಕ್ಕೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ಮಾದರಿಗೆ ಹಾಕಿದ ಪ್ರತಿ ಪದರವನ್ನೂ ಅದೇ ದಿನ ಅದೇ ಮಿಶ್ರಣದಲ್ಲಿ ಅದಕ್ಕೂ ಹಾಕುತ್ತ ಬಂದರೆ, ಯಾವುದೇ ಪರಿಹಾರವನ್ನು ಮೊದಲು ಅದರ ಮೇಲೆ ಪರೀಕ್ಷಿಸಬಹುದು.

ಜೋಡಣೆಯ ದೋಷಗಳು

ಒಡಲಿನ ಎರಡು ಹೋಳುಗಳು ಸೇರುವ ಗೆರೆ, ಉಜ್ಜಿ ನಯ ಮಾಡಿ ಬಣ್ಣ ಹಾಕಿದ ಕೆಲವು ದಿನಗಳ ಬಳಿಕ ಮತ್ತೆ ಕಾಣಿಸಿಕೊಳ್ಳುವುದು ಸಾಮಾನ್ಯ ದೂರು. ಟಾರ್ಚಿನ ಬೆಳಕಿನಲ್ಲಿ ಗೆರೆಯ ಅಂಚು ಚೂಪಾಗಿದ್ದರೆ ಅದು ತುಂಬದೆ ಬಿಟ್ಟ ಸಂದು. ಅಂಚು ಮೃದುವಾಗಿ, ಅಗಲವಾದ ತಗ್ಗಿನಂತೆ ಇದ್ದರೆ ಅಂಟು ಒಣಗುವ ಮೊದಲೇ ಉಜ್ಜಲಾಗಿದೆ ಎಂದರ್ಥ: ಪ್ಲಾಸ್ಟಿಕ್ ಅಂಟು ಅಂಚುಗಳನ್ನು ಕರಗಿಸಿ ಬೆಸೆಯುತ್ತದೆ, ಆ ದ್ರಾವಕ ಪೂರ್ತಿ ಆರಿಹೋಗುವವರೆಗೂ ಪ್ಲಾಸ್ಟಿಕ್ ಕುಗ್ಗುತ್ತಲೇ ಇರುತ್ತದೆ. ಎರಡನೆಯದಕ್ಕೆ ತಕ್ಷಣ ಪುಟ್ಟಿ ಹಚ್ಚಿದರೆ ತಗ್ಗು ಮತ್ತೆ ಮೂಡುತ್ತದೆ. ಕನಿಷ್ಠ ಒಂದು ವಾರ ಹಾಗೆಯೇ ಬಿಟ್ಟು, ಅನಂತರ ಸೂಪರ್ ಗ್ಲೂ ತುಂಬಿ, ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುವ ಮೊದಲು, ಅಂದರೆ ಅದೇ ದಿನ, ಸ್ಯಾಂಡ್‌ಪೇಪರ್‌ನಿಂದ ಸಮ ಮಾಡಬೇಕು.

ಪೆ-2ರ ಬಾಲ ಈ ಮಾದರಿಯ ಅತ್ಯಂತ ಸೂಕ್ಷ್ಮ ಭಾಗ. ಬಾಲದ ಅಡ್ಡರೆಕ್ಕೆಗಳು ಸಮತಟ್ಟಾಗಿರದೆ ತುದಿಯ ಕಡೆಗೆ ಸ್ಪಷ್ಟವಾಗಿ ಏರುತ್ತವೆ, ಆದರೆ ಅವುಗಳ ತುದಿಯಲ್ಲಿರುವ ಎರಡು ಫಿನ್‌ಗಳು (ನಿಂತ ರೆಕ್ಕೆಗಳು) ಪರಸ್ಪರ ಸಮಾನಾಂತರವಾಗಿ ನಿಲ್ಲಬೇಕು. ಫಿನ್‌ಗಳನ್ನು ಅಡ್ಡರೆಕ್ಕೆಗೆ ಲಂಬಕೋನದಲ್ಲಿ ಅಂಟಿಸುವ ಅಭ್ಯಾಸಬಲದಿಂದ ಎರಡೂ ಮೇಲ್ಭಾಗದಲ್ಲಿ ಒಳಕ್ಕೆ ವಾಲಿ ನಿಲ್ಲುತ್ತವೆ. ಪರೀಕ್ಷೆ ಸರಳವಾಗಿದೆ: ಎರಡು ಫಿನ್‌ಗಳ ಮೇಲ್ತುದಿಗಳ ನಡುವಿನ ಅಂತರವನ್ನೂ ಕೆಳತುದಿಗಳ ನಡುವಿನ ಅಂತರವನ್ನೂ ಅಳೆಯಿರಿ, ಎರಡೂ ಸಮನಾಗಿದ್ದರೆ ಬಾಲ ಸರಿಯಾಗಿದೆ. ಸಮನಾಗಿರದಿದ್ದರೆ ಫಿನ್ ಕಿತ್ತುಹಾಕುವ ಅಗತ್ಯವಿಲ್ಲ. ತೆಳು ಅಂಟನ್ನು ಸಂದಿಗೆ ಹನಿಹನಿಯಾಗಿ ಉಣಿಸಿ ಬೆಸುಗೆ ಮೆತ್ತಗಾದ ಮೇಲೆ ಕೋನವನ್ನು ತಿದ್ದಿ, ದಪ್ಪ ರಟ್ಟಿನಲ್ಲಿ ಕತ್ತರಿಸಿದ ಆಸರೆಯ ನಡುವೆ ರಾತ್ರಿಯಿಡೀ ಹಾಗೆಯೇ ನಿಲ್ಲಿಸಿದರೆ ಸಾಕು.

ಮಾದರಿಯು ಒಂದು ಕಡೆಗೆ ವಾಲಿ ನಿಂತರೆ ಗಾಲಿಯನ್ನು ದೂರುವ ಮೊದಲು ಎರಡು ಕಡೆ ಅಳೆಯಬೇಕು. ಗಾಜಿನ ಹಾಳೆಯ ಮೇಲೆ ನಿಲ್ಲಿಸಿ, ಮೊದಲು ಎರಡೂ ಎಂಜಿನ್ ಗೂಡುಗಳ ಎತ್ತರವನ್ನು, ಬಳಿಕ ಎರಡೂ ರೆಕ್ಕೆತುದಿಗಳ ಎತ್ತರವನ್ನು ನೋಡಿ. ಗೂಡುಗಳಲ್ಲಿಯೇ ವ್ಯತ್ಯಾಸವಿದ್ದರೆ ದೋಷ ಗಾಲಿಯ ಕಾಲುಗಳಲ್ಲಿದೆ. ಗೂಡುಗಳು ಸಮನಾಗಿದ್ದು ತುದಿಗಳು ಮಾತ್ರ ಬೇರೆಯಾಗಿದ್ದರೆ ಹೊರ ರೆಕ್ಕೆಯ ಏರುಕೋನ ತಪ್ಪಿದೆ. ಅಂದಹಾಗೆ ಇದು ಬಾಲದ ಗಾಲಿಯ ಮೇಲೆ ಕೂರುವ ವಿಮಾನವಾದ್ದರಿಂದ ಮೂತಿಯಲ್ಲಿ ಸೀಸದ ತೂಕ ಇಡಬೇಕಾಗಿಲ್ಲ. ಮೂತಿಗಾಲಿಯ ವಿಮಾನಗಳನ್ನು ಕಟ್ಟಿ ರೂಢಿಯಾದವರು ಇಲ್ಲಿಯೂ ತೂಕ ತುಂಬುತ್ತಾರೆ, ತೆಳುವಾದ ಕಾಲುಗಳು ತಿಂಗಳುಗಳಲ್ಲಿ ನಿಧಾನವಾಗಿ ಹೊರಕ್ಕೆ ಬಾಗುತ್ತವೆ.

ಗಾಜಿನ ಮಬ್ಬು

ಪೈಲಟ್ ಮತ್ತು ನ್ಯಾವಿಗೇಟರ್ ಒಂದೇ ಕ್ಯಾನೊಪಿಯ (ಗಾಜಿನ ಮೇಲ್ಮುಚ್ಚಳದ) ಕೆಳಗೆ ಕೂರುತ್ತಿದ್ದರು, ಮೂತಿಯ ಕೆಳಭಾಗದಲ್ಲಿಯೂ ಗಾಜಿತ್ತು. ಆದ್ದರಿಂದ ಗಾಜಿನ ದೋಷ ಈ ಮಾದರಿಯಲ್ಲಿ ಮರೆಯಾಗಿ ಉಳಿಯುವುದಿಲ್ಲ. ಮಬ್ಬು ಅಂಟಿಸಿದ ಅಂಚಿನ ಹತ್ತಿರ ದಟ್ಟವಾಗಿ, ಹೆಚ್ಚಾಗಿ ಗಾಜಿನ ಒಳಮೈಯಲ್ಲಿ ಬಿಳಿ ಉಸಿರಿನಂತೆ ಹರಡಿದ್ದರೆ ಅದು ಸೂಪರ್ ಗ್ಲೂವಿನ ಆವಿ. ಹೊರಮೈಯಲ್ಲಿ ಕಣಕಣವಾಗಿ, ಮರೆಮಾಡಿದ ಟೇಪಿನ ಅಂಚಿನಲ್ಲಿ ನಿಂತಿದ್ದರೆ ಮ್ಯಾಟ್ ವಾರ್ನಿಷ್ ಒಳನುಗ್ಗಿದೆ. ಗಾಜಿನ ದಪ್ಪದೊಳಗೇ ಕೂದಲೆಳೆಯ ಬಿರುಕುಗಳಿದ್ದರೆ ಪ್ಲಾಸ್ಟಿಕ್ ಅಂಟಿನ ದ್ರಾವಕ ಅದನ್ನು ಕೊರೆದಿದೆ. ಮೊದಲ ಎರಡನ್ನು ಅತಿ ನಯವಾದ ಸ್ಯಾಂಡ್‌ಪೇಪರ್, ಪಾಲಿಶ್ ಮತ್ತು ಕೊನೆಯಲ್ಲಿ ಹೊಳಪಿನ ಅಕ್ರಿಲಿಕ್ ವಾರ್ನಿಷ್‌ನ ತೆಳು ಲೇಪದಿಂದ ಬಹುತೇಕ ಸರಿಪಡಿಸಬಹುದು, ಒಳಮೈಯ ಮಬ್ಬಿಗಾದರೆ ಕ್ಯಾನೊಪಿಯನ್ನು ಬಿಡಿಸಲೇಬೇಕು. ಮೂರನೆಯದಕ್ಕೆ ಬದಲಿ ಭಾಗವನ್ನು ಹುಡುಕುವುದೇ ದಾರಿ. ಫೆವಿಕಾಲ್‌ನಂಥ ಬಿಳಿ ಗೋಂದಿನಿಂದ ಅಂಟಿಸಿದರೆ ಈ ಮೂರರಲ್ಲಿ ಎರಡು ಹುಟ್ಟುವುದೇ ಇಲ್ಲ.

ಬಣ್ಣದ ಪದರ

ಬಣ್ಣ ಒಣಪುಡಿಯಂತೆ ಒರಟಾಗಿ ಕೂತಿದ್ದರೆ ಅದು ಮೇಲ್ಮೈ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿದೆ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ ದೂರವಾಗಿತ್ತು, ಒತ್ತಡ ಹೆಚ್ಚಿತ್ತು ಅಥವಾ ಬಣ್ಣ ದಪ್ಪವಾಗಿತ್ತು. ಹನಿಗಳು ಎಲ್ಲ ದಿಕ್ಕಿಗೂ ಕಾಲು ಚಾಚಿ ಹರಿದಿದ್ದರೆ ಅದಕ್ಕೆ ವಿರುದ್ಧವಾದ ಕಾರಣ: ತೀರಾ ತೆಳು, ತೀರಾ ಹತ್ತಿರ. ಟೇಪ್ ಕೀಳುವಾಗ ಬಣ್ಣವೂ ಕಿತ್ತು ಬಂದರೆ ಕಿತ್ತ ಚೂರಿನ ಹಿಂಬದಿಯನ್ನು ನೋಡಿ. ಅಲ್ಲಿ ಪ್ರೈಮರ್ ಅಂಟಿಕೊಂಡಿದ್ದರೆ ದೋಷ ಪ್ಲಾಸ್ಟಿಕ್‌ನ ಮೇಲಿನ ಜಿಡ್ಡಿನದು, ಕಿಟ್ ಅನ್ನು ಸಾಬೂನು ನೀರಿನಲ್ಲಿ ತೊಳೆಯದೆ ಕಟ್ಟಲಾಗಿದೆ. ಬಣ್ಣ ಮಾತ್ರ ಬಂದಿದ್ದರೆ ಪ್ರೈಮರ್ ಮತ್ತು ಬಣ್ಣದ ನಡುವೆ ಹಿಡಿತವಿಲ್ಲ.

ಮಳೆಗಾಲದಲ್ಲಿ ಕರಾವಳಿಯಲ್ಲೋ ಮಲೆನಾಡಿನಲ್ಲೋ ಲ್ಯಾಕರ್ ಸಿಂಪಡಿಸುವವರಿಗೆ ಇನ್ನೊಂದು ದೋಷ ಚೆನ್ನಾಗಿ ಪರಿಚಿತ: ವಾರ್ನಿಷ್ ಒಣಗುತ್ತಿದ್ದಂತೆ ಇಡೀ ಮೇಲ್ಮೈ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ವೇಗವಾಗಿ ಆರುವ ದ್ರಾವಕ ಮೇಲ್ಮೈಯನ್ನು ತಂಪಾಗಿಸುತ್ತದೆ, ಗಾಳಿಯ ತೇವ ಅಲ್ಲಿ ಇಬ್ಬನಿಯಾಗಿ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಹೊರನೋಟಕ್ಕೆ ಹೋಲುವ ಮತ್ತೊಂದು ಬಿಳುಪಿದೆ. ಮ್ಯಾಟ್ ವಾರ್ನಿಷ್ ಬಾಟಲಿಯನ್ನು ಸರಿಯಾಗಿ ಅಲ್ಲಾಡಿಸದಿದ್ದರೆ ಅದರ ಮಂದಗೊಳಿಸುವ ಪುಡಿ ಪ್ಯಾನೆಲ್ ಗೆರೆಗಳಲ್ಲೂ (ಮೈಯ ತಗಡುಗಳು ಸೇರುವ ಗೆರೆಗಳಲ್ಲೂ) ಮೂಲೆಗಳಲ್ಲೂ ಗುಂಪುಗಟ್ಟುತ್ತದೆ. ತೇವದ ಬಿಳುಪು ಹಬ್ಬಿಕೊಂಡಂತೆ ಸಮವಾಗಿರುತ್ತದೆ, ಪುಡಿಯ ಬಿಳುಪು ತಗ್ಗುಗಳನ್ನು ಹುಡುಕಿಕೊಂಡು ನಿಲ್ಲುತ್ತದೆ. ಮೊದಲನೆಯದು ತೇವ ಕಡಿಮೆಯಿರುವ ದಿನ ಬರಿಯ ಥಿನ್ನರ್ ಅನ್ನು ಮಂಜಿನಂತೆ ಸಿಂಪಡಿಸಿದರೆ ಮರೆಯಾಗುತ್ತದೆ. ಎರಡನೆಯದಕ್ಕೆ ಹೊಳಪಿನ ವಾರ್ನಿಷ್ ಹಾಕಿ, ಚೆನ್ನಾಗಿ ಕಲಕಿದ ಮ್ಯಾಟ್ ಅನ್ನು ಮತ್ತೆ ತೆಳುವಾಗಿ ಹಾಕಬೇಕು.

ಬಣ್ಣದ ಛಾಯೆಯ ಬಗ್ಗೆ ಒಂದು ಮಾತು. ಯುದ್ಧದ ಆರಂಭದಿಂದ ಹಸಿರು ಮತ್ತು ಕಪ್ಪು ಪಟ್ಟೆಗಳ ಮೇಲ್ಮೈ, ತಿಳಿನೀಲಿ ತಳ. 1943ರಿಂದ ಬಾಂಬರ್‌ಗಳಿಗೆ ಹಸಿರು, ತಿಳಿಕಂದು ಮತ್ತು ಗಾಢ ಬೂದು ಎಂಬ ಮೂರು ಬಣ್ಣಗಳ ಮಾದರಿ ಬಂತು. ಅಂಗಡಿಯ ಬಾಟಲಿಗಳ ಮೇಲೆ ಎಎಂಟಿ ಎಂಬ ಅಕ್ಷರಗಳೊಂದಿಗೆ ಸಿಗುವುದು ಮರ ಮತ್ತು ಬಟ್ಟೆಗೆ ಬಳಸುತ್ತಿದ್ದ ನೈಟ್ರೊ ಬಣ್ಣಗಳ ಛಾಯೆ. ಲೋಹದ ಮೈಗೆ ಎ-24ಎಂ ಹಸಿರಿನಂಥ ತೈಲಾಧಾರಿತ ಬಣ್ಣಗಳ ಬೇರೆ ಶ್ರೇಣಿಯೇ ಇತ್ತು. ಹೀಗಾಗಿ ಬಟ್ಟೆ ಹೊದಿಸಿದ ರಡ್ಡರ್‌ನ ಹಸಿರು ಪಕ್ಕದ ಲೋಹದ ಹಸಿರಿಗಿಂತ ಕೊಂಚ ಭಿನ್ನವಾಗಿ ಮಾಸಿದಂತೆ ತೋರಿಸಿದರೆ ಅದನ್ನು ದೋಷವೆಂದು ತಿದ್ದಬೇಕಾಗಿಲ್ಲ.

ಡೆಕಾಲ್ ಮತ್ತು ಗುರುತುಗಳು

ಕೆಂಪು ನಕ್ಷತ್ರದ ಸುತ್ತಲಿನ ಪಾರದರ್ಶಕ ಭಾಗ ಬೆಳ್ಳಿಯಂತೆ ಮಿನುಗಿದರೆ, ಡೆಕಾಲ್‌ನ ಕೆಳಗೆ ಗಾಳಿ ಸಿಕ್ಕಿಕೊಂಡಿದೆ. ಮ್ಯಾಟ್ ಬಣ್ಣದ ಒರಟಿನ ಮೇಲೆ ನೇರವಾಗಿ ಅಂಟಿಸಿದ್ದರ ಫಲ ಅದು. ಸೂಜಿಯ ಮೊನೆಯಿಂದ ಆ ಜಾಗದಲ್ಲಿ ಚುಚ್ಚಿ, ಡೆಕಾಲ್ ಮೆತ್ತಗಾಗಿಸುವ ದ್ರವವನ್ನು ಹನಿಸಿ, ಅದು ಒಳಗೆ ಎಳೆದುಕೊಂಡ ಮೇಲೆ ಒದ್ದೆ ಹತ್ತಿಯಿಂದ ಒತ್ತಬೇಕು. ಒಂದೆರಡು ಸುತ್ತಿನಲ್ಲಿ ಮಾಯವಾಗದಿದ್ದರೆ ಆ ಡೆಕಾಲ್ ಕೀಳುವುದೇ ವಾಸಿ. ಮೇಲೆ ಎಷ್ಟು ವಾರ್ನಿಷ್ ಹಾಕಿದರೂ ಒಳಗಿನ ಗಾಳಿ ಹೋಗುವುದಿಲ್ಲ.

ಅಂಟಿದ್ದು ಸರಿಯಿದ್ದೂ ಗುರುತುಗಳು ತಮ್ಮತಮ್ಮಲ್ಲೇ ಹೊಂದದಿರುವುದು ಇನ್ನೊಂದು ಬಗೆಯ ದೋಷ. ಸೋವಿಯತ್ ವಿಮಾನಯಾನಿ ಮರೀನಾ ರಸ್ಕೋವಾ ಕಟ್ಟಿದ 587ನೇ ಮಹಿಳಾ ಬಾಂಬರ್ ರೆಜಿಮೆಂಟ್ ಪೆ-2 ಹಾರಿಸುತ್ತಿತ್ತು. ಆಕೆ 1943ರ ಜನವರಿ 4ರಂದು ಯುದ್ಧರಂಗಕ್ಕೆ ಹೋಗುವ ದಾರಿಯಲ್ಲಿ, ಕೆಟ್ಟ ಹವೆಯಲ್ಲಿ, ಪೆ-2 ಅಪಘಾತದಲ್ಲಿಯೇ ತೀರಿಕೊಂಡರು. ಆ ರೆಜಿಮೆಂಟ್‌ಗೆ 125ನೇ ಗಾರ್ಡ್ಸ್ ಎಂಬ ಗೌರವದ ಹೆಸರು ಬಂದದ್ದು 1943ರ ಸೆಪ್ಟೆಂಬರ್‌ನಲ್ಲಿ. ಆದ್ದರಿಂದ ಆ ಮೊದಲ ಚಳಿಗಾಲದ ವಿಮಾನವೆಂದು ಹೇಳಿಕೊಳ್ಳುವ ಮಾದರಿಯ ಮೂತಿಯ ಮೇಲೆ ಗಾರ್ಡ್ಸ್ ಲಾಂಛನವಿದ್ದರೆ, ಅಥವಾ ಯುದ್ಧದ ಉತ್ತರಾರ್ಧದಲ್ಲಿ ಬಂದ ಬಿಳಿ ಅಂಚಿನ ನಕ್ಷತ್ರವಿದ್ದರೆ, ಡೆಕಾಲ್ ಹಾಳೆಯಲ್ಲಿ ಎರಡು ಕಾಲಗಳು ಬೆರೆತಿವೆ. ಅಂಟಿಸುವ ಮೊದಲು ಬಣ್ಣದ ಮಾದರಿ, ನಕ್ಷತ್ರದ ಬಗೆ ಮತ್ತು ಘಟಕದ ಲಾಂಛನ ಈ ಮೂರೂ ಒಂದೇ ಋತುವಿಗೆ ಸೇರುತ್ತವೆಯೇ ಎಂದು ನೋಡಿಕೊಳ್ಳಬೇಕು.

ವಾಶ್ ಮತ್ತು ಬಿರುಕು

ಪ್ಯಾನೆಲ್ ಗೆರೆಗಳಲ್ಲಿ ನಿಲ್ಲಬೇಕಾದ ವಾಶ್ ಇಡೀ ರೆಕ್ಕೆಗೆ ಮಸಿ ಹಚ್ಚಿದಂತೆ ಹರಡಿದರೆ, ಕೆಳಗಿನ ಪದರ ಮ್ಯಾಟ್ ಆಗಿದೆ ಅಥವಾ ಹೊಳಪಿನ ವಾರ್ನಿಷ್ ಅಲ್ಲಲ್ಲಿ ತಪ್ಪಿಹೋಗಿದೆ. ಟರ್ಪೆಂಟೈನ್ ತಾಗಿಸಿದ ಹತ್ತಿಕಡ್ಡಿಗೆ ಕಲೆ ಬಂದರೆ ಬದುಕಿದಿರಿ. ಹಸಿರು ಬಣ್ಣವೂ ಜೊತೆಗೇ ಬಂದರೆ ಕೆಳಗಿನದೂ ಎನಾಮೆಲ್, ಅಲ್ಲಿಗೆ ಕೈ ನಿಲ್ಲಿಸಿ, ಒಣಗಲು ಬಿಟ್ಟು, ಆ ಪ್ಯಾನೆಲ್‌ಗೆ ಮತ್ತೆ ಬಣ್ಣ ಹಾಕುವುದು ಒಳ್ಳೆಯದು.

ಇದಕ್ಕಿಂತ ಗಂಭೀರವಾದದ್ದು ವಾಶ್ ಹಾಕಿದ ಮರುದಿನ ಗಾಲಿಯ ಕಾಲೋ ರೆಕ್ಕೆಯ ಬುಡವೋ ತಾನಾಗಿ ಬಿರುಕು ಬಿಡುವುದು. ಒತ್ತಿ ಕೂರಿಸಿ ಅಂಟಿಸಿದ ಭಾಗದಲ್ಲಿ ಪ್ಲಾಸ್ಟಿಕ್ ಸೆಳೆತದಲ್ಲಿರುತ್ತದೆ; ತೆಳುವಾದ ಪೆಟ್ರೋಲಿಯಂ ದ್ರಾವಕ ಬಣ್ಣವಿಲ್ಲದ ಅಂಚುಗಳ ಮೂಲಕ ಅಲ್ಲಿಗೆ ಹರಿದು ನಿಂತರೆ ಪ್ಲಾಸ್ಟಿಕ್ ಸೀಳುತ್ತದೆ. ಪೆ-2ರಲ್ಲಿ ಇದು ಹೆಚ್ಚಾಗಿ ಎಂಜಿನ್ ಗೂಡಿನ ಒಳಗೆ, ಗಾಲಿಯ ಕಾಲುಗಳು ಸೇರುವಲ್ಲಿ ಸಂಭವಿಸುತ್ತದೆ, ಏಕೆಂದರೆ ಒಳಗಿನ ವಿವರಗಳನ್ನು ಎತ್ತಿ ತೋರಿಸಲು ಅಲ್ಲಿಗೆ ವಾಶ್ ಅನ್ನು ಧಾರಾಳವಾಗಿ ಸುರಿಯುತ್ತೇವೆ. ಮುರಿದದ್ದನ್ನು ಒಣಗಿಸಿ, ಸಾಧ್ಯವಿದ್ದರೆ ಒಳಗೆ ಸಣ್ಣ ತಂತಿ ಹಾಯಿಸಿ ಸೂಪರ್ ಗ್ಲೂವಿನಿಂದ ಬೆಸೆಯಬೇಕು. ಮುಂದಿನ ಬಾರಿ ವಾಶ್ ಅನ್ನು ತುಂಬಿಸದೆ ಕುಂಚದ ಮೊನೆಯಿಂದ ಮುಟ್ಟಿಸಬೇಕು, ಹೆಚ್ಚಾದ ದ್ರವವನ್ನು ಟಿಶ್ಯೂ ಕಾಗದದ ತುದಿಯಿಂದ ಹೀರಿಸಬೇಕು.

ಚಳಿಗಾಲದ ಬಿಳಿ

ಹಸಿರಿನ ಮೇಲೆ ತಾತ್ಕಾಲಿಕವಾಗಿ ಬಳಿದು ವಸಂತದಲ್ಲಿ ತೊಳೆದುಹಾಕುತ್ತಿದ್ದ ಬಿಳಿ ಈ ವಿಮಾನಕ್ಕೆ ಅತ್ಯಂತ ಸುಂದರವಾದ ರೂಪ ಕೊಡುತ್ತದೆ. ದೋಷಗಳೂ ಇಲ್ಲಿಯೇ ಹೆಚ್ಚು. ಅದು ನೀರಿನಲ್ಲಿ ಕರಗುವ, ಕೇಸೀನ್ (ಹಾಲಿನ ಪ್ರೋಟೀನ್) ಆಧಾರಿತ ಲೇಪವಾಗಿತ್ತು. ಕುಂಚದಿಂದ ಬಳಿದ ಕಡೆ ಸುಣ್ಣ ಹೊಡೆದ ಗೋಡೆಯಂತೆ ಕುಂಚದ ಗೀರುಗಳೂ ತೆಳು-ದಪ್ಪಗಳೂ ಕಾಣುತ್ತಿದ್ದವು. ನಕ್ಷತ್ರ ಮತ್ತು ಸಂಖ್ಯೆಗಳನ್ನು ಮುಚ್ಚದಂತೆ ಸುತ್ತ ಬಳಿಯುತ್ತಿದ್ದುದರಿಂದ ಅವುಗಳ ಸುತ್ತ ಹಸಿರಿನ ಅಂಚು ಉಳಿಯುತ್ತಿತ್ತು. ಬಿಳಿ ಎಲ್ಲೆಡೆ ಒಂದೇ ದಟ್ಟಣೆಯಲ್ಲಿ, ನಕ್ಷತ್ರದ ಗೆರೆಗೆ ಚೊಕ್ಕವಾಗಿ ತಾಗಿಕೊಂಡು ನಿಂತಿದ್ದರೆ ಮಾದರಿ ಸುಳ್ಳಾಗಿ ಕಾಣುತ್ತದೆ. ಎಷ್ಟೋ ಬಾರಿ ‘ಏನೋ ಸರಿಯಿಲ್ಲ’ ಎಂಬ ದೂರಿನ ಹಿಂದೆ ಇರುವುದು ಇಷ್ಟೇ.

ಸಾಮಾನ್ಯ ವಿಧಾನದಲ್ಲಿ, ವಾರ್ನಿಷ್‌ನಿಂದ ಭದ್ರಪಡಿಸಿದ ಹಸಿರಿನ ಮೇಲೆ ಹೇರ್‌ಸ್ಪ್ರೇ ಸಿಂಪಡಿಸಿ, ಒಣಗಿದ ಬಳಿಕ ಬಿಳಿ ಅಕ್ರಿಲಿಕ್ ಹಾಕಿ, ಅದನ್ನು ಒದ್ದೆ ಕುಂಚದಿಂದ ಉಜ್ಜಿ ಎಬ್ಬಿಸಲಾಗುತ್ತದೆ. ನೀರು ತೆಳುವಾದ ಅಕ್ರಿಲಿಕ್ ಅನ್ನು ದಾಟಿ ಹೇರ್‌ಸ್ಪ್ರೇಯನ್ನು ಮೆತ್ತಗಾಗಿಸುವುದರಿಂದ ಬಿಳಿ ಹಿಡಿತ ಕಳೆದುಕೊಳ್ಳುತ್ತದೆ. ಈ ಕಾರ್ಯಕಾರಣವನ್ನು ತಿಳಿದರೆ ವಿಫಲತೆಗಳೆಲ್ಲವೂ ವಿವರಣೆಗೆ ಸಿಗುತ್ತವೆ.

ಎಷ್ಟು ಉಜ್ಜಿದರೂ ಬಿಳಿ ಏಳದಿದ್ದರೆ ನೀರು ಹೇರ್‌ಸ್ಪ್ರೇ ತನಕ ತಲುಪುತ್ತಿಲ್ಲ. ಬಿಳಿ ಪದರ ದಪ್ಪವಾಗಿರಬಹುದು, ಅದು ಲ್ಯಾಕರ್ ಅಥವಾ ಎನಾಮೆಲ್ ಆಗಿರಬಹುದು, ಅಥವಾ ಅಕ್ರಿಲಿಕ್ ಹಲವು ದಿನ ಗಟ್ಟಿಯಾಗಲು ಬಿಟ್ಟದ್ದಾಗಿರಬಹುದು. ಸಾಕ್ಷಿ ತುಂಡಿನ ಮೇಲೆ ಸೂಜಿಯಿಂದ ಒಂದು ಸಣ್ಣ ಗೀರು ಎಳೆದು ಉಗುರು ಬೆಚ್ಚಗಿನ ನೀರು ಹಚ್ಚಿ ಒಂದೆರಡು ನಿಮಿಷ ಬಿಡಿ. ಗೀರಿನ ಅಂಚಿನಿಂದ ಬಿಳಿ ಸಡಿಲವಾದರೆ ದೋಷ ದಪ್ಪದ್ದು ಅಥವಾ ವಿಳಂಬದ್ದು. ಇದೇ ರೀತಿ ಗೀರು ಹಾಕಿ ಮಾದರಿಯ ಮೇಲೂ ಮುಂದುವರಿಯಬಹುದು. ಅಂಚಿನಲ್ಲೂ ಅಲುಗದಿದ್ದರೆ ಬಣ್ಣದ ಜಾತಿಯೇ ತಪ್ಪು. ಆಗ ಎಬ್ಬಿಸುವ ಆಸೆ ಬಿಟ್ಟು, ಹಸಿರನ್ನೇ ತೆಳುವಾಗಿ ಸ್ಪಂಜಿನ ಚೂರಿನಿಂದ ಮೇಲೆ ಒತ್ತಿ ಸವೆತವನ್ನು ಚಿತ್ರಿಸುವುದೇ ಉಚಿತ.

ತದ್ವಿರುದ್ಧವಾಗಿ ಬಿಳಿ ಹಾಳೆಹಾಳೆಯಾಗಿ ಕಳಚಿದರೆ ಹೇರ್‌ಸ್ಪ್ರೇ ಅತಿಯಾಗಿದೆ ಅಥವಾ ನೀರು ಅತಿಯಾಗಿದೆ. ಕುಂಚ ಒದ್ದೆಯಾಗಿರಬೇಕು, ತೊಟ್ಟಿಕ್ಕಬಾರದು. ಬಿಳಿ ಹಾಕುತ್ತಿರುವಾಗಲೇ ಅದು ಜಾಲದಂತೆ ಬಿರುಕು ಬಿಟ್ಟರೆ, ನೀರಿನಲ್ಲಿ ತೆಳು ಮಾಡಿದ ಬಣ್ಣ ಕೆಳಗಿನ ಹೇರ್‌ಸ್ಪ್ರೇಯನ್ನು ಮತ್ತೆ ಕರಗಿಸುತ್ತಿದೆ. ಒದ್ದೆಯಾಗಿ ಸುರಿಯದೆ ಹಲವು ತೆಳು ಮಂಜುಗಳಲ್ಲಿ ಹಾಕಿದರೆ ಇದು ನಿಲ್ಲುತ್ತದೆ. ಉಜ್ಜುವಾಗ ಬಿಳಿಯ ಜೊತೆಗೆ ಹಸಿರೂ ಎದ್ದು ಬೂದು ಪ್ಲಾಸ್ಟಿಕ್ ಕಂಡರೆ ಹೇರ್‌ಸ್ಪ್ರೇಯದು ತಪ್ಪಿಲ್ಲ. ಹಸಿರಿನ ಮೇಲೆ ವಾರ್ನಿಷ್ ಇರಲಿಲ್ಲ, ಅಥವಾ ಆರಂಭದಲ್ಲಿ ತೊಳೆಯದೆ ಬಿಟ್ಟ ಜಿಡ್ಡು ಈಗ ಬಡ್ಡಿಸಮೇತ ವಸೂಲಾಗುತ್ತಿದೆ. ಕೊನೆಯ ಮ್ಯಾಟ್ ವಾರ್ನಿಷ್ ಹಾಕಿದ ಮೇಲೆ ತೆಳುವಾದ ಬಿಳಿ ಮಂಕಾಗಿ ಹಸಿರು ಹೆಚ್ಚು ಎದ್ದು ಕಾಣುವುದು ಮಾತ್ರ ದೋಷವಲ್ಲ. ವಾರ್ನಿಷ್ ಒದ್ದೆಯ ಪರಿಣಾಮ ಕೊಡುತ್ತದೆ. ಆದ್ದರಿಂದ ಬೇಕಾದದ್ದಕ್ಕಿಂತ ಒಂದು ಪಾಲು ಹೆಚ್ಚೇ ಬಿಳಿಯನ್ನು ಉಳಿಸಿಕೊಂಡು ನಿಲ್ಲಿಸಬೇಕು.

ಬಿಳಿ ಸವೆದಾಗ ಅದರ ಕೆಳಗೆ ಕಾಣಬೇಕಾದದ್ದು ಹಸಿರು, ಕಪ್ಪು ಅಥವಾ ಕಂದು. ಬಿಳಿಯಿಂದ ನೇರವಾಗಿ ಅಲ್ಯೂಮಿನಿಯಂಗೆ ಇಳಿಯುವ ಸವೆತವನ್ನು ಎಷ್ಟೇ ನಾಜೂಕಾಗಿ ಮಾಡಿದ್ದರೂ ತಿದ್ದಬೇಕು. ಲೋಹ ಕಾಣಬೇಕಾದರೆ ಅದು ಹಸಿರಿನ ಚೂರೊಂದರ ನಡುವೆಯೇ ಕಾಣಬೇಕು.

ತಪ್ಪು ಜಾಗದ ಸವೆತ

ಮುಂದಿನದು ಕೈಚಳಕಕ್ಕಿಂತ ವಿವೇಚನೆಗೆ ಸೇರಿದ ದೋಷ. ಬೆಳ್ಳಿಬಣ್ಣದ ಚೂರುಗಳನ್ನು ಸ್ಪಂಜಿನಿಂದ ಒತ್ತಿದ ಮೇಲೆ ರೆಕ್ಕೆ ಇಡೀ ಚುಕ್ಕೆಚುಕ್ಕೆಯಾಗಿ ಕಂಡರೆ, ಪ್ರತಿ ಚುಕ್ಕೆಯನ್ನೂ 48ರಿಂದ ಗುಣಿಸಿ. 2 ಮಿ.ಮೀ. ಚುಕ್ಕೆಯೆಂದರೆ ನಿಜದಲ್ಲಿ ಸುಮಾರು 10 ಸೆಂ.ಮೀ. ಅಗಲಕ್ಕೆ ಬಣ್ಣ ಕಿತ್ತುಹೋಗಿರಬೇಕು. ರೆಕ್ಕೆಯ ನಡುವೆ ಅಂಥ ಗಾಯ ಮಾಡುವಂಥದ್ದು ಏನಿತ್ತು ಎಂದು ಕೇಳಿಕೊಂಡರೆ ಹೆಚ್ಚಿನ ಚುಕ್ಕೆಗಳು ಉತ್ತರವಿಲ್ಲದೆ ಉಳಿಯುತ್ತವೆ, ಅವುಗಳನ್ನು ಮೂಲ ಬಣ್ಣದಿಂದ ಮುಚ್ಚಬಹುದು. ರಡ್ಡರ್, ಎಲಿವೇಟರ್ ಮತ್ತು ಏಲೆರಾನ್‌ಗಳ ಮೇಲಿನ ಬೆಳ್ಳಿ ಚುಕ್ಕೆಗೆ ಈ ವಿಚಾರಣೆಯೂ ಬೇಕಿಲ್ಲ, ಅಲ್ಲಿರುವುದು ಬಟ್ಟೆ.

ಒಂದು ಎಂಜಿನ್‌ನ ಫೈಟರ್‌ಗಳನ್ನು ಕಟ್ಟಿ ಬಂದವರು ಪೈಲಟ್ ಹತ್ತುವ ದಾರಿಯೆಂದು ರೆಕ್ಕೆಯ ಎಡಬುಡವನ್ನು ಸವೆಸುತ್ತಾರೆ. ಪೆ-2ರಲ್ಲಿ ಪೈಲಟ್ ಮತ್ತು ನ್ಯಾವಿಗೇಟರ್ ಒಡಲಿನ ಅಡಿಯಲ್ಲಿದ್ದ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಕೆಸರು ಮೆತ್ತಿದ ಬೂಟುಗಳ ಗುರುತು, ಅಂಚಿನ ಸವೆತ ಅಲ್ಲಿ ಬೇಕು. ರೆಕ್ಕೆಯ ಮೇಲೆ ನಡೆಯುತ್ತಿದ್ದವರು ಮೆಕ್ಯಾನಿಕ್‌ಗಳು. ಅವರ ದಾರಿ ಎಂಜಿನ್ ಮುಚ್ಚಳಗಳ ಕಡೆಗೂ ಇಂಧನ ತುಂಬುವ ಬಾಯಿಗಳ ಕಡೆಗೂ ಇತ್ತು. ಪದೇಪದೇ ತೆಗೆದುಹಾಕುವ ಎಂಜಿನ್ ಮುಚ್ಚಳಗಳ ಅಂಚು ಮತ್ತು ತಿರುಪುಗಳು ಲೋಹ ತೋರಿಸಲು ಅತ್ಯಂತ ನ್ಯಾಯವಾದ ಜಾಗ.

ಹೊಗೆಯ ಕಲೆ ಬರಿಯ ಕಪ್ಪಾಗಿ, ನೇರ ಪಟ್ಟಿಯಾಗಿ ಕಂಡರೆ ಎರಡನ್ನು ಪರಿಶೀಲಿಸಿ. ಸೀಸ ಬೆರೆತ ಪೆಟ್ರೋಲ್ ಉರಿದಾಗ ಬೂದು-ಕಂದು ಬಣ್ಣದ ಸಂಚಯವೂ ಉಳಿಯುತ್ತದೆ; ಆದ್ದರಿಂದ ಕಲೆಯ ಅಂಚು ಗಾಢವಾಗಿ, ನಡುಭಾಗ ತುಸು ತಿಳಿಯಾಗಿ ಇದ್ದರೆ ಮನವೊಪ್ಪುತ್ತದೆ. ಕಲೆಯ ದಿಕ್ಕು ಗಾಳಿ ಹರಿಯುವ ದಿಕ್ಕನ್ನು ಅನುಸರಿಸಬೇಕು: ಎಂಜಿನ್‌ನ ಎರಡೂ ಬದಿಯ ಹೊಗೆಕೊಳವೆಗಳಿಂದ ಗೂಡಿನ ಪಕ್ಕಕ್ಕೆ ಅಂಟಿಕೊಂಡು ಹಿಂದಕ್ಕೆ ಹೋಗಿ, ರೆಕ್ಕೆಯ ಮೇಲೆ ತೆಳುವಾಗಿ ಹರಡಬೇಕು. ರೆಕ್ಕೆಯ ಮೇಲ್ಮೈಯಲ್ಲಿ ಗೂಡಿನ ಪಕ್ಕದಲ್ಲಿರುವ ಸೀಳುಗಳನ್ನು ಕೆಲವರು ಹೊಗೆಯ ಬಾಯಿಯೆಂದು ಭಾವಿಸಿ ಕಪ್ಪಾಗಿಸುತ್ತಾರೆ. ಅವು ರೆಕ್ಕೆಯೊಳಗಿದ್ದ ರೇಡಿಯೇಟರ್‌ಗಳ ಬಿಸಿಗಾಳಿ ಹೊರಬರುವ ದ್ವಾರಗಳು. ಅಲ್ಲಿಂದ ಮಸಿ ಬರಲು ಕಾರಣವಿಲ್ಲ. ಹಾಗೆ ಬಿದ್ದ ಮಸಿ ಪಿಗ್ಮೆಂಟ್‌ನದಾದರೆ ಒದ್ದೆ ಹತ್ತಿಗೆ ಬಂದುಬಿಡುತ್ತದೆ, ಏರ್‌ಬ್ರಶ್‌ನದಾದರೆ ಮೂಲ ಬಣ್ಣದ ತೆಳು ಮಂಜಿನಿಂದ ಮುಚ್ಚಬೇಕು.

ಪಿಗ್ಮೆಂಟ್

ಮಣ್ಣಿನ ಮೈದಾನಗಳಿಂದ ಹಾರುತ್ತಿದ್ದ ವಿಮಾನಕ್ಕೆ ಧೂಳು ಮತ್ತು ಕೆಸರು ಬೇಕೇ ಬೇಕು. ಗಾಲಿಯ ಹಿಂದಿನ ತಳಭಾಗ, ಫ್ಲಾಪ್‌ಗಳ ಕೆಳಮೈ ಮತ್ತು ಬಾಲದ ಅಡ್ಡರೆಕ್ಕೆಯ ಮುಂದಿನ ಅಂಚು ಅದರ ಸಹಜ ಜಾಗಗಳು. ಹಚ್ಚಿದ ಪುಡಿ ಮ್ಯಾಟ್ ವಾರ್ನಿಷ್ ಸಿಂಪಡಿಸಿದೊಡನೆ ಮಾಯವಾಗುತ್ತಿದ್ದರೆ, ವಾರ್ನಿಷ್ ಪ್ರತಿ ಕಣವನ್ನೂ ಒದ್ದೆ ಮಾಡಿ ಪಾರದರ್ಶಕವಾಗಿಸುತ್ತಿದೆ, ಜೊತೆಗೆ ಗಾಳಿಯ ರಭಸ ಅರ್ಧವನ್ನು ಊದಿ ಒಯ್ಯುತ್ತಿದೆ. ಮೊದಲು ಮ್ಯಾಟ್ ಹಾಕಿ ಒಣಗಿಸಿ, ಪುಡಿಯನ್ನು ಕೊನೆಯಲ್ಲಿ ಹಚ್ಚಿ, ಪಿಗ್ಮೆಂಟ್ ಹಿಡಿಸುವ ದ್ರವವನ್ನು ಕುಂಚದ ಮೊನೆಯಿಂದ ಪಕ್ಕದಲ್ಲಿ ಮುಟ್ಟಿಸಿ ತಾನಾಗಿ ಹರಿಯಲು ಬಿಡಬೇಕು. ಒಣಗಿದ ಬಳಿಕ ಹರಿದ ಅಂಚಿನಲ್ಲಿ ಗೆರೆ ಕಟ್ಟಿದರೆ ಅದೇ ದ್ರವದಿಂದ ತೇವಗೊಳಿಸಿದ, ಬಹುತೇಕ ಒಣಗಿದ ಕುಂಚದಿಂದ ಅಂಚನ್ನು ಹೊರಮುಖವಾಗಿ ಸವರಿ ಮಸುಕುಗೊಳಿಸಬಹುದು. ಇದಾದ ಮೇಲೆ ಮಾದರಿಯನ್ನು ಆ ಜಾಗಗಳಲ್ಲಿ ಬೆರಳಿನಿಂದ ಹಿಡಿಯಬಾರದು. ಎತ್ತುವಾಗ ಎಂಜಿನ್ ಗೂಡುಗಳ ಕೆಳಗೆ, ಗಾಲಿಯ ಗೂಡಿನ ಮುಂಭಾಗದಲ್ಲಿ ಕೈಯಿಟ್ಟು ಎತ್ತಬೇಕು.